ಪೀನಸ, ಸೂರ್ಯಾವರ್ತ, ಸೈನಸ್: ಒಂದು ರೋಗದ ಹೆಸರುಗಳ ಚರಿತ್ರೆ

ಮಳೆಗಾಲ ಕಾಲಿಟ್ಟಿತೆಂದರೆ ಬೆಳಗಾವಿಯ ಪೇಟೆಯಲ್ಲಾಗಲಿ ಖಾನಾಪುರದ ಸಂತೆಯಲ್ಲಾಗಲಿ "ನನಗೆ ಸೈನಸ್ ಇದೆ" ಎಂದು ಹಣೆಯನ್ನೊತ್ತಿಕೊಂಡು ಹೇಳುವವರು ಹಲವರು ಕಾಣಸಿಗುತ್ತಾರೆ. ಈ ಮಾತು ಈಗ ಕನ್ನಡದಲ್ಲಿ ಬೇರೂರಿದೆ. ಆದರೆ ಪದದ ಅರ್ಥವನ್ನು ನೋಡಿದರೆ ಇದು ವಿಚಿತ್ರವಾದ ಮಾತು. ಸೈನಸ್ ಎಂಬುದು ಲ್ಯಾಟಿನ್ ಭಾಷೆಯ ಶಬ್ದ. ಬಾಗು, ಮಡಿಲು, ಪೊಳ್ಳು ಎಂಬುವು ಅದರ ಅರ್ಥಗಳು. ಶಾರೀರಶಾಸ್ತ್ರಜ್ಞರು ಅದನ್ನು ಮೂಗಿನ ಸುತ್ತಲಿನ ಎಲುಬುಗಳಲ್ಲಿ ಗಾಳಿ ತುಂಬಿರುವ ಕುಹರಗಳಿಗೆ ಹೆಸರಾಗಿಟ್ಟರು. ಆ ಕುಹರಗಳು ಸಾಮಾನ್ಯವಾಗಿ ಎಲ್ಲರಿಗೂ ಇರುವುವು. ಅವುಗಳ ಒಳಪೊರೆಗೆ ಬರುವ ಉರಿಯೂತವೇ ರೋಗ. ಅದಕ್ಕೆ ಸೈನುಸೈಟಿಸ್ ಎಂಬ ಬೇರೆಯ ಹೆಸರಿದೆ. ಹೀಗಿರಲು "ನನಗೆ ಸೈನಸ್ ಇದೆ" ಎಂಬುದು "ನನಗೆ ಹೊಟ್ಟೆ ಇದೆ" ಎಂಬಂತೆಯೇ ಸರಿ.

ಅಂಗದ ಹೆಸರು ರೋಗದ ಹೆಸರಾದುದು ಕೇವಲ ಆಡುಮಾತಿನ ಸಡಿಲಿಕೆಯಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕೆ ಹಲವು ಹೆಸರುಗಳಿದ್ದುವು, ಅಂಗಕ್ಕೆ ಮಾತ್ರ ಹೆಸರಿರಲಿಲ್ಲ. ಯೂರೋಪಿನಲ್ಲಿ ಅಂಗ ಮೊದಲು ಗೋಚರವಾಯಿತು, ರೋಗದ ನಿಜವಾದ ನಡೆ ಬಹುಕಾಲ ತಿಳಿಯಲಿಲ್ಲ. ಈ ಎರಡು ಅರಿವುಗಳು ಕೂಡಿದುದು ಇತ್ತೀಚೆಗೆ. ಇವುಗಳ ಚರಿತ್ರೆಯನ್ನು ವಿವರಿಸಿ, ಪ್ರಾಚೀನರ ಸೂರ್ಯಾವರ್ತವೆಂಬ ಶಿರೋರೋಗವೇ ಇಂದಿನ ಹಣೆಯ ಕುಹರದ ಉರಿಯೂತವೆಂದು ಹಲವರು ಹೇಳುತ್ತಿರುವ ಮಾತು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಹೆಸರುಗಳು

ಸಂಸ್ಕೃತದಲ್ಲಿ ಮೂಗಿನ ನೀರಿಳಿತಕ್ಕೆ ಪ್ರತಿಶ್ಯಾಯವೆಂದೂ ಪೀನಸವೆಂದೂ ಹೆಸರು. ಮೊದಲನೆಯದು ತೆಲುಗಿನಲ್ಲಿ 'ಪಡಿಶಮು' ಆಗಿ, ಮರಾಠಿಯಲ್ಲಿ 'ಪಡಸೆ' ಆಗಿ ಜನರ ನಾಲಗೆಯಲ್ಲಿ ಉಳಿದಿದೆ. ಕನ್ನಡದಲ್ಲಿ ಪೀನಸವು ಪಂಡಿತರ ಮಾತಾಗಿ ಉಳಿಯಿತು. ಮನೆಮಾತಿನಲ್ಲಿ ನೆಗಡಿ, ಶೀತ ಎಂಬುವೇ ನಡೆದು ಬಂದುವು. ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಖಾನಾಪುರದ ಸೀಮೆಯಲ್ಲಿ ಒಂದೇ ಬೇನೆಗೆ ಇಂಥ ಹಲವು ಹೆಸರುಗಳಿರುವುದು ಸಹಜ.

ಇವುಗಳಿಗಿಂತ ಕುತೂಹಲಕರವಾದುದು 'ನಸ್ಯ'ವೆಂಬ ಪದದ ಗತಿ. ಮೂಗಿನ ಮೂಲಕ ಕೊಡುವ ಔಷಧಕ್ಕೂ ಆ ಚಿಕಿತ್ಸೆಗೂ ಶಾಸ್ತ್ರದಲ್ಲಿ ನಸ್ಯವೆಂದು ಹೆಸರು. ಪೋರ್ತುಗೀಜರೊಡನೆ ಹೊಗೆಸೊಪ್ಪು ನಮ್ಮ ನಾಡಿಗೆ ಬಂದ ಮೇಲೆ ಅದರ ಪುಡಿಯನ್ನು ಮೂಗಿಗೇರಿಸುವ ಚಟಕ್ಕೆ ಈ ಗೌರವದ ಹೆಸರೇ ದಕ್ಕಿ 'ನಶ್ಯ' ಎಂದಾಯಿತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯು ಹೊಗೆಸೊಪ್ಪಿನ ಪೇಟೆಯೆಂದು ಪ್ರಸಿದ್ಧವಷ್ಟೆ. ಮೂಗಿನ ಲೋಳೆಪೊರೆಯನ್ನು ಕಾಪಾಡಲು ಹುಟ್ಟಿದ ಪದವು ಆ ಪೊರೆಯನ್ನು ಕೆಣಕುವ ವಸ್ತುವಿಗೆ ಸಂದುದು ಭಾಷೆಯ ಒಂದು ವಿನೋದ. ಸೈನಸ್ ಪದದ ಪಲ್ಲಟವೂ ಇದೇ ಜಾತಿಯದು. ಪದಗಳು ಹೀಗೆ ಸ್ಥಾನ ಬದಲಿಸುವುದರಿಂದಲೇ ಹಳೆಯ ಹೆಸರನ್ನು ಹೊಸ ರೋಗಕ್ಕೆ ಹಚ್ಚುವಾಗ ಎಚ್ಚರವಿರಬೇಕಾಗುತ್ತದೆ.

೨. ಪ್ರಾಚೀನ ಗ್ರಂಥಗಳ ಲಕ್ಷಣಗಳು

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 22ರಿಂದ 24ರ ವರೆಗಿನ ಅಧ್ಯಾಯಗಳು ಮೂಗಿನ ರೋಗಗಳಿಗೆ ಮೀಸಲಾಗಿವೆ. ಅಲ್ಲಿ ಎಣಿಸಿರುವ ನಾಸಾರೋಗಗಳು 31. ಅವುಗಳಲ್ಲಿ ಐದು ಬಗೆಯ ಪ್ರತಿಶ್ಯಾಯಗಳೂ ನಾಲ್ಕು ಬಗೆಯ ಅರ್ಶಸ್ಸುಗಳೂ ಸೇರಿವೆ. ವಾಗ್ಭಟನು ಇದೇ ವಿಷಯವನ್ನು 18ಕ್ಕೆ ಇಳಿಸಿದ್ದಾನೆ. ಪ್ರತಿಶ್ಯಾಯಕ್ಕೆ ಕಾರಣಗಳನ್ನು ಹೇಳುವಲ್ಲಿ ಸುಶ್ರುತನು ಧೂಳು, ಹೊಗೆ, ಶೀತ, ತಲೆಗೆ ತಟ್ಟಿದ ಕಾವು, ಮಲಮೂತ್ರಗಳ ವೇಗವನ್ನು ತಡೆಯುವುದು ಮೊದಲಾದುವನ್ನು ಹೆಸರಿಸುತ್ತಾನೆ. ಮಣ್ಣಿನ ಪಾತ್ರೆ ಹೆಂಚುಗಳಿಗೆ ಹೆಸರಾದ ಖಾನಾಪುರದಲ್ಲಿ ಆವಗೆಯ ಹೊಗೆಯನ್ನೂ ಒಣಮಣ್ಣಿನ ಧೂಳನ್ನೂ ಉಸಿರಾಡಿಕೊಂಡು ದುಡಿಯುವವರಿಗೆ ಈ ಪಟ್ಟಿಯ ಮೊದಲ ಎರಡು ಕಾರಣಗಳನ್ನು ಯಾರೂ ವಿವರಿಸಬೇಕಾಗಿಲ್ಲ.

ಅವನ ಲಕ್ಷಣವರ್ಣನೆಗಳಲ್ಲಿ ಮೂರು ನಮ್ಮ ವಿಚಾರಕ್ಕೆ ಮುಖ್ಯವಾದುವು. ಮೊದಲನೆಯದು ಭ್ರಂಶಥು: ಹಿಂದೆಯೇ ತಲೆಯಲ್ಲಿ ಕೂಡಿಕೊಂಡಿದ್ದ ಗಟ್ಟಿಯಾದ, ಉಪ್ಪುರುಚಿಯ ಕಫವು ಕಾವಿನಿಂದ ಸಡಿಲಿ ಮೂಗಿನಿಂದ ಜಾರಿ ಬೀಳುವುದು. ಎರಡನೆಯದು ದುಷ್ಟಪ್ರತಿಶ್ಯಾಯ: ಮೂಗು ಒಮ್ಮೆ ಒದ್ದೆಯಾಗಿ ಒಮ್ಮೆ ಒಣಗಿ, ಒಮ್ಮೆ ಕಟ್ಟಿ ಒಮ್ಮೆ ತೆರೆದು, ಉಸಿರು ನಾರುತ್ತ, ರೋಗಿಗೆ ವಾಸನೆಯೇ ತಿಳಿಯದಂತಾಗುವುದು. ಚಿಕಿತ್ಸೆ ಮಾಡದೆ ಬಿಟ್ಟ ಎಲ್ಲ ಪ್ರತಿಶ್ಯಾಯಗಳೂ ಕಾಲಕ್ರಮದಲ್ಲಿ ಈ ಸ್ಥಿತಿಗೆ ತಿರುಗುವುವೆಂದೂ, ಬೆಳೆದ ಪೀನಸದಿಂದ ಕಿವುಡು, ಕುರುಡು, ಘ್ರಾಣನಾಶ, ಘೋರವಾದ ನೇತ್ರರೋಗಗಳು ಉಂಟಾಗುವುವೆಂದೂ ಅವನು ಎಚ್ಚರಿಸುತ್ತಾನೆ. ಮೂಗಿನ ರೋಗಕ್ಕೂ ಕಣ್ಣಿನ ನಾಶಕ್ಕೂ ಸಂಬಂಧವನ್ನು ಕಂಡ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮೂರನೆಯದು ಸೂರ್ಯಾವರ್ತ. ಇದು ನಾಸಾರೋಗಗಳಲ್ಲಿ ಸೇರದೆ, 25ನೆಯ ಅಧ್ಯಾಯದಲ್ಲಿ ಹೇಳಿರುವ 11 ಶಿರೋರೋಗಗಳಲ್ಲಿ ಒಂದಾಗಿದೆ. ಸೂರ್ಯನು ಹುಟ್ಟುವಾಗ ಕಣ್ಣು ಹುಬ್ಬುಗಳಲ್ಲಿ ಮೆಲ್ಲಗೆ ನೋವು ತೊಡಗಿ, ಹೊತ್ತೇರಿದಂತೆ ಏರಿ, ಹೊತ್ತು ತಿರುಗಿದಂತೆ ಇಳಿಯುವುದೆಂದೂ, ಒಮ್ಮೆ ತಂಪಿನಿಂದ ಒಮ್ಮೆ ಬಿಸಿಯಿಂದ ರೋಗಿಗೆ ಹಿತವೆನಿಸುವುದೆಂದೂ ಅಲ್ಲಿದೆ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಇದಕ್ಕೆ ಕಾರಣವನ್ನೂ ಕೊಟ್ಟಿದೆ: ದೂಷಿತವಾದ ಮಿದುಳು ಬಿಸಿಲಿನ ಕಾವಿಗೆ ಕರಗುವುದರಿಂದ ನೋವೇರುವುದು, ಸಂಜೆ ಮರಳಿ ಗಟ್ಟಿಯಾಗುವುದರಿಂದ ಶಮನವಾಗುವುದು. ಮೂಗು ತಲೆಯ ಬಾಗಿಲೆಂದು ಭಾವಿಸಿದ ಈ ಆಚಾರ್ಯರು ಶಿರೋರೋಗಗಳಿಗೂ ನಸ್ಯವನ್ನೇ ವಿಧಿಸಿದರು.

ಈ ವರ್ಣನೆಗಳಲ್ಲಿ ಕಾಲ, ಸ್ಥಾನ, ಸ್ರಾವ, ವಾಸನೆ, ಪರಿಣಾಮ ಎಲ್ಲವೂ ಇವೆ. ಆದರೆ ಕಫವು ತಲೆಯಲ್ಲಿ ಕೂಡಿಕೊಳ್ಳುವುದೆಂದರೆ ತಲೆಯಲ್ಲಿ ಎಲ್ಲಿ? ಇದಕ್ಕೆ ಉತ್ತರವಿಲ್ಲ. ಶೃಂಗಾಟಕವೆಂಬ ಮರ್ಮವೇ ಈ ಕುಹರಗಳೆಂದು ಈಚಿನ ಕೆಲವರು ಹೇಳುವುದುಂಟು. ಆದರೆ ಮೂಲದಲ್ಲಿ ಅದು ಮೂಗು, ಕಿವಿ, ಕಣ್ಣು, ನಾಲಗೆಗಳನ್ನು ತಣಿಸುವ ಸಿರೆಗಳು ಕೂಡುವ ಸ್ಥಾನವೇ ಹೊರತು ಪೊಳ್ಳಲ್ಲ. ಸುಶ್ರುತನ ಶಾರೀರಸ್ಥಾನದಲ್ಲಿ ಹೇಳಿರುವ ಪರೀಕ್ಷಾಕ್ರಮವನ್ನು ನೋಡಿದರೆ ಈ ಮೌನದ ಕಾರಣವನ್ನು ಊಹಿಸಬಹುದು. ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಲಾವಂಚ, ಕೂದಲು, ಬಿದಿರು ಮೊದಲಾದುವುಗಳ ಕೂರ್ಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕೆಂದು ಅಲ್ಲಿದೆ. ಈ ಕ್ರಮವು ಎಲುಬಿನ ವರೆಗೆ ಕೊಂಡೊಯ್ಯುವುದು. ಎಲುಬನ್ನು ಕೊಯ್ದು ಒಳಗನ್ನು ತೋರಿಸುವುದಿಲ್ಲ. ಆದುದರಿಂದ ಮುಖದ ಎಲುಬಿನ ಒಳಗಿನ ಪೊಳ್ಳು ಅವರ ಕಣ್ಣಿಗೆ ಬೀಳದೆ ಉಳಿದುದು ಆಶ್ಚರ್ಯವಲ್ಲ.

೩. ಕರ್ನಾಟಕದ ವೈದ್ಯಪರಂಪರೆ

ಈ ಶಾಸ್ತ್ರವು ನಮ್ಮ ನಾಡಿನಲ್ಲಿ ನೆಲೆಗೊಂಡ ಬಗೆಯನ್ನೂ ಸಂಕ್ಷೇಪವಾಗಿ ನೋಡುವುದು ಯುಕ್ತ. 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೈದ್ಯವೂ ಒಂದು ವಿಷಯ. ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಕಲ್ಯಾಣಕಾರಕವು ರಾಷ್ಟ್ರಕೂಟರ ಕಾಲದ್ದೆಂದು ಪ್ರತೀತಿ. 1940ರಲ್ಲಿ ಅದು ಸೊಲ್ಲಾಪುರದಿಂದ ಅಚ್ಚಾಗಿ ಹೊರಬಿದ್ದಿತು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಜೈನಾಚಾರ್ಯರ ಈ ಪರಂಪರೆಯ ವಿಶೇಷವೆಂದರೆ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಔಷಧಗಳನ್ನು ಯೋಜಿಸಿದುದು. ಕಫರೋಗಗಳಲ್ಲಿ ಜೇನು ಆಯುರ್ವೇದದ ಮುಖ್ಯ ಅನುಪಾನವಾಗಿರಲು, ಅದನ್ನು ತೊರೆದು ಶಾಸ್ತ್ರವನ್ನು ಕಟ್ಟಿದುದು ಸಣ್ಣ ಕೆಲಸವಲ್ಲ.

ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಪಲಾಶಿಕೆ. ಅಲ್ಲಿ ದೊರೆತು ಫ್ಲೀಟರಿಂದ ಪ್ರಕಟವಾದ ತಾಮ್ರಪಟಗಳಲ್ಲಿ ರವಿವರ್ಮನ ಕಾಲದ ಒಂದು ಶಾಸನವು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳ ಯೋಗಕ್ಷೇಮವನ್ನು ನೋಡಿಕೊಳ್ಳಬೇಕೆಂದು ವಿಧಿಸುತ್ತದೆ. ಇದರಿಂದ ವೈದ್ಯದ ವಿಷಯವೇನೂ ಸಿದ್ಧವಾಗುವುದಿಲ್ಲ. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡಗಳ ಕಾಡುಸೀಮೆಯಲ್ಲಿ ಆ ನಾಲ್ಕು ತಿಂಗಳ ತೇವವು ಮನುಷ್ಯನನ್ನು ಒಂದೆಡೆ ಕೂಡಿಹಾಕುವ ಕಾಲವೆಂಬುದು ಐದಾರನೆಯ ಶತಮಾನಗಳಷ್ಟು ಹಿಂದೆಯೇ ರಾಜಶಾಸನದ ಗಮನಕ್ಕೆ ಬಂದಿದ್ದಿತು. ಈ ಸೀಮೆಯ ಮನೆಮದ್ದುಗಳೂ ಆ ತೇವಕ್ಕೆ ತಕ್ಕುವು: ಲಕ್ಕಿಸೊಪ್ಪಿನ ಉಗಿ, ತುಂಬೆಯ ರಸ, ಅರಿಶಿನದ ಕೊಂಬನ್ನು ಸುಟ್ಟ ಹೊಗೆ.

೪. ಕುಹರಗಳು ಕಂಡುದು

ಇನ್ನು ಯೂರೋಪಿನ ಕಡೆ ತಿರುಗೋಣ. ಕಫವು ಮಿದುಳಿನಿಂದ ಮೂಗಿಗೆ ಇಳಿಯುವುದೆಂಬ ಗ್ಯಾಲೆನನ ಮತವು ಅಲ್ಲಿ ಹದಿನೇಳನೆಯ ಶತಮಾನದ ವರೆಗೂ ಪ್ರಮಾಣವಾಗಿದ್ದಿತು. ಮಿದುಳು ಕರಗುವುದೆಂಬ ಚರಕನ ಮತಕ್ಕೂ ಇದಕ್ಕೂ ಇರುವ ಸಾದೃಶ್ಯ ಸ್ಪಷ್ಟವಾಗಿದೆ. 1489ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿಯು ಕೊಯ್ದ ತಲೆಬುರುಡೆಯ ಚಿತ್ರಗಳಲ್ಲಿ ಹಣೆಯ ಮತ್ತು ಕೆನ್ನೆಯ ಕುಹರಗಳನ್ನು ಬರೆದಿದ್ದನು. ಆದರೆ ಆ ಚಿತ್ರಗಳು ಬಹುಕಾಲ ಪ್ರಕಟವಾಗಲಿಲ್ಲ. 1651ರಲ್ಲಿ ಇಂಗ್ಲೆಂಡಿನ ನಥಾನಿಯಲ್ ಹೈಮೋರನು ಕೆನ್ನೆಯ ಕುಹರವನ್ನು ವಿವರವಾಗಿ ವರ್ಣಿಸಿದನು. ಅವನು ಒಂದು ಸಂಗತಿಯನ್ನು ಹೇಳುತ್ತಾನೆ: ಒಬ್ಬ ಹೆಂಗಸು ಮೇಲಿನ ಕೋರೆಹಲ್ಲನ್ನು ಕೀಳಿಸಿಕೊಂಡ ಬಳಿಕ ಆ ರಂಧ್ರದಲ್ಲಿ ಸೂಜಿಯನ್ನು ಚುಚ್ಚಿ ನೋಡಿದಳು, ಆಮೇಲೆ ಹಕ್ಕಿಯ ಗರಿಯನ್ನು ತೂರಿಸಿದಳು, ಅದು ಒಳಕ್ಕೆ ಹೋಗುತ್ತಲೇ ಇದ್ದುದನ್ನು ಕಂಡು ಮಿದುಳಿಗೇ ತಾಕಿತೆಂದು ಭಯಪಟ್ಟಳು. ಗರಿಯು ಸುತ್ತಿಕೊಂಡಿದ್ದುದು ಆ ಕುಹರದೊಳಗೆ. ಮೇಲ್ದವಡೆಯ ಹಲ್ಲಿನ ಬೇರಿಗೂ ಕುಹರಕ್ಕೂ ನಡುವೆ ಎಷ್ಟು ತೆಳುವಾದ ಎಲುಬಿದೆಯೆಂಬುದಕ್ಕೆ ಇದೊಂದು ನಿದರ್ಶನ. ಹುಳುಕು ಹಲ್ಲಿನಿಂದ ಕೆನ್ನೆಯ ಕುಹರಕ್ಕೆ ಕೀವು ತುಂಬುವುದು ಇಂದಿಗೂ ವೈದ್ಯರು ಕಾಣುವ ಸಂಗತಿ.

1660ರಿಂದ ಮುಂದಕ್ಕೆ ಪ್ರಕಟವಾದ ಗ್ರಂಥದಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗಿನ ಷ್ನೈಡರನು ಮೂಗಿನ ಲೋಳೆಯು ಮಿದುಳಿನಿಂದ ಬರುವುದಲ್ಲ, ಮೂಗಿನ ಒಳಪೊರೆಯೇ ಅದನ್ನು ಸ್ರವಿಸುವುದೆಂದು ಸ್ಥಾಪಿಸಿದನು. ಹೀಗೆ ಗ್ಯಾಲೆನನ ಮತವು ಬಿದ್ದಿತು. ಹಣೆ, ಕೆನ್ನೆ, ಮೂಗಿನ ಮೇಲ್ಗಡೆಯ ಜಾಲರಿ ಎಲುಬು, ಅದರ ಹಿಂದಿನ ಬೆಣೆಯೆಲುಬು ಎಂಬ ನಾಲ್ಕು ಜೋಡಿ ಕುಹರಗಳ ಸ್ವರೂಪವು 1882ರಲ್ಲಿ ಜುಕರ್‌ಕಾಂಡಲನ ಗ್ರಂಥದಿಂದ ನಿಶ್ಚಿತವಾಯಿತು. 1895ರಲ್ಲಿ ರಾಂಟ್‌ಜನ್ನನ ಕಿರಣಗಳು ಬಂದ ಮೇಲೆ ಜೀವಂತ ಮನುಷ್ಯನ ಕುಹರಗಳನ್ನೂ ನೋಡುವಂತಾಯಿತು.

೫. ಹರಿವು ತಿಳಿದುದು

ಕುಹರವು ಕಂಡೊಡನೆ ರೋಗವು ತಿಳಿಯಿತೆಂದು ಭಾವಿಸಿದರು. ಕೀವು ತುಂಬಿದ ಕೊಡವನ್ನು ತಳದಲ್ಲಿ ತೂತುಮಾಡಿ ಬರಿದುಮಾಡಿದರೆ ಸಾಕೆಂಬುದೇ ಆ ಕಾಲದ ಶಸ್ತ್ರಚಿಕಿತ್ಸೆಯ ನ್ಯಾಯ. ಅಮೇರಿಕೆಯಲ್ಲಿ ಕಾಲ್ಡ್‌ವೆಲನು 1893ರಲ್ಲಿ, ಪ್ಯಾರಿಸಿನಲ್ಲಿ ಲ್ಯೂಕನು 1897ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ತುಟಿಯ ಒಳಗಿನಿಂದ ಕೆನ್ನೆಯ ಎಲುಬನ್ನು ತೆರೆದು, ಮೂಗಿನೊಳಕ್ಕೆ ಹೊಸ ದಾರಿ ಮಾಡುತ್ತಿದ್ದರು. ಹಲವರಿಗೆ ಇದರಿಂದ ಗುಣವಾಯಿತು. ಹಲವರಿಗೆ ರೋಗವು ಮರಳಿತು.

ಮರಳುವುದರ ಕಾರಣವು ತಿಳಿದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಸ್ಟ್ರಿಯದ ಗ್ರಾಜ್ ನಗರದ ಮೆಸರ್‌ಕ್ಲಿಂಗರನು ಕುಹರದ ಪೊರೆಯ ಮೇಲಿನ ಸೂಕ್ಷ್ಮರೋಮಗಳ ಚಲನೆಯನ್ನು ಅನುಸರಿಸಿ ನೋಡಿದನು. ಕೆನ್ನೆಯ ಕುಹರದ ಸಹಜದ್ವಾರವು ತಳದಲ್ಲಿಲ್ಲ, ಮೇಲ್ಗಡೆ ಇದೆ. ಆದುದರಿಂದ ಲೋಳೆಯು ತಾನಾಗಿ ಇಳಿದು ಹೋಗದು. ರೋಮಗಳು ಅದನ್ನು ಮೇಲಕ್ಕೆ ಗುಡಿಸಿ ಆ ದ್ವಾರಕ್ಕೆ ಸಾಗಿಸುತ್ತವೆ. ತಳದಲ್ಲಿ ಎಷ್ಟು ದೊಡ್ಡ ತೂತು ಮಾಡಿದರೂ ಅವು ಅದನ್ನು ಬಳಸಿಕೊಂಡು ಹಳೆಯ ಬಾಗಿಲಿಗೇ ಹೋಗುತ್ತವೆ. ನೆಗಡಿಯಿಂದಲೋ ಒಗ್ಗದ ಧೂಳಿನಿಂದಲೋ ಆ ಇಕ್ಕಟ್ಟಾದ ಬಾಗಿಲು ಊದಿ ಮುಚ್ಚಿಕೊಂಡರೆ ಲೋಳೆ ನಿಲ್ಲುವುದು. ನಿಂತ ಲೋಳೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುವು. ಹೀಗೆ ರೋಗದ ಮೂಲವು ಪೊಳ್ಳಿನಲ್ಲಲ್ಲ, ಬಾಗಿಲಿನಲ್ಲಿದೆಯೆಂಬುದು ಸಿದ್ಧವಾಯಿತು. 1978ರಲ್ಲಿ ಅವನ ಗ್ರಂಥವು ಪ್ರಕಟವಾಯಿತು. 1985ರ ಸುಮಾರಿಗೆ ಕೆನಡಿ ಮತ್ತು ಸ್ಟಾಮ್‌ಬರ್ಗರರಿಂದ ಮೂಗಿನ ಮೂಲಕವೇ ದುರ್ಬೀನನ್ನು ಹಾಯಿಸಿ ಬಾಗಿಲನ್ನು ಮಾತ್ರ ಸರಿಪಡಿಸುವ ಶಸ್ತ್ರಕ್ರಮವು ಲೋಕದಲ್ಲಿ ಹಬ್ಬಿತು.

ಇಂದಿನ ವೈದ್ಯರು ನಾಲ್ಕು ವಾರದೊಳಗಿನ ಉರಿಯೂತವನ್ನು ತೀಕ್ಷ್ಣವೆಂದೂ ಹನ್ನೆರಡು ವಾರ ಮೀರಿದುದನ್ನು ದೀರ್ಘಕಾಲಿಕವೆಂದೂ ವಿಭಾಗಿಸುತ್ತಾರೆ. ತೀಕ್ಷ್ಣವಾದುದರಲ್ಲಿ ಬಹುಪಾಲು ವೈರಸ್ಸುಗಳಿಂದ ಆದುದು; ಏಳೆಂಟು ಹತ್ತು ದಿನಗಳಲ್ಲಿ ತಾನಾಗಿ ಇಳಿಯುವುದು. ಪೆನಿಸಿಲಿನ್ ಜಾತಿಯ ಔಷಧಗಳಿಂದ ಅದಕ್ಕೆ ಪ್ರಯೋಜನವಿಲ್ಲ. ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು ದೀರ್ಘಕಾಲದ ರೋಗದಲ್ಲಿ ಹಿತಕರವೆಂದು ಪರೀಕ್ಷೆಗಳಿಂದ ತಿಳಿದಿದೆ; ಹಠಯೋಗಿಗಳ ಜಲನೇತಿಯೂ ಇದೇ ಜಾತಿಯ ಕ್ರಿಯೆ. ಆದರೆ ನೀರನ್ನು ಕುದಿಸಿ ಆರಿಸಿಯೇ ಬಳಸತಕ್ಕದ್ದು.

೬. ಸೂರ್ಯಾವರ್ತದ ಸಮೀಕರಣ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಹಣೆಯ ಕುಹರದ ಉರಿಯೂತದಲ್ಲಿ ನೋವು ಹುಬ್ಬಿನ ಮೇಲ್ಗಡೆ ಬೆಳಿಗ್ಗೆ ತೊಡಗಿ, ನಡುಹಗಲಿಗೆ ಏರಿ, ಮಧ್ಯಾಹ್ನದ ಮೇಲೆ ಇಳಿಯುವುದು ಪ್ರಸಿದ್ಧ ಲಕ್ಷಣ. ರಾತ್ರಿ ಮಲಗಿದ್ದಾಗ ನಿಂತ ಲೋಳೆಯು, ಎದ್ದು ನಡೆದಾಡಿದ ಮೇಲೆ ಮೆಲ್ಲಮೆಲ್ಲನೆ ದಾರಿ ಹಿಡಿಯುವುದೇ ಇದರ ಕಾರಣವೆಂದು ವಿವರಿಸುತ್ತಾರೆ. ಸುಶ್ರುತನ ವರ್ಣನೆಗೂ ಇದಕ್ಕೂ ಸ್ಥಾನದಲ್ಲಿಯೂ ಕಾಲದಲ್ಲಿಯೂ ಇರುವ ಹೊಂದಿಕೆಯು ಆಕಸ್ಮಿಕವೆನ್ನಲಾಗದು. ಆಚಾರ್ಯರು ಇಂಥ ರೋಗಿಗಳನ್ನು ಕಂಡಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಇವೆರಡೂ ಒಂದೇ ಎಂದು ಹೇಳಲು ಎರಡು ಅಡ್ಡಿಗಳಿವೆ. ಮೊದಲನೆಯದಾಗಿ, ಸೂರ್ಯಾವರ್ತದ ಲಕ್ಷಣದಲ್ಲಿ ಮೂಗಿನ ಸ್ರಾವದ ಪ್ರಸ್ತಾಪವಿಲ್ಲ. ಅದನ್ನು ನಾಸಾರೋಗಗಳ ಗುಂಪಿನಲ್ಲಿ ಇಡದಿರುವುದೂ ಗಮನಾರ್ಹ. ಎರಡನೆಯದಾಗಿ, ಹಣೆ ಕೆನ್ನೆಗಳ ನೋವೆಲ್ಲವೂ ಕುಹರದ ನೋವಲ್ಲ. 2004ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ತಮಗೆ ಸೈನಸ್ಸಿನ ತಲೆನೋವೆಂದು ತಾವೇ ಹೇಳಿಕೊಂಡ ಅಥವಾ ವೈದ್ಯರಿಂದ ಹೇಳಿಸಿಕೊಂಡ 2991 ಮಂದಿಯಲ್ಲಿ ಶೇಕಡ 88ರಷ್ಟು ಜನರ ನೋವು ಮೈಗ್ರೇನಿನ ಲಕ್ಷಣಕ್ಕೆ ಹೊಂದುತ್ತಿದ್ದಿತು. ಇಂದಿನ ಉಪಕರಣಗಳಿರುವಾಗಲೇ ಹೀಗಾದರೆ ಪ್ರಾಚೀನ ವೈದ್ಯನ ಮುಂದೆ ಕುಳಿತ ರೋಗಿಗಳೆಲ್ಲ ಒಂದೇ ಬಗೆಯವರೆಂದು ಹೇಗೆ ಹೇಳುವುದು? ಆಚಾರ್ಯರು ಅರ್ಧಾವಭೇದಕವನ್ನು, ಎಂದರೆ ನಮ್ಮ ಅರೆತಲೆನೋವನ್ನು, ಬೇರೆಯಾಗಿ ಎಣಿಸಿದುದು ಅವರ ಸೂಕ್ಷ್ಮತೆಗೆ ಸಾಕ್ಷಿ. ಆದರೂ ಎಲ್ಲೆಗಳು ಒಂದರಲ್ಲೊಂದು ಬೆರೆತಿದ್ದಿರಬೇಕು.

ಆದುದರಿಂದ ಸೂರ್ಯಾವರ್ತವು ಒಂದು ನೋವಿನ ನಡೆಯ ಹೆಸರು. ಹಣೆಯ ಕುಹರದ ಉರಿಯೂತವು ಆ ನಡೆಗೆ ಒಂದು ಕಾರಣ ಎಂದು ಹೇಳುವುದು ಯುಕ್ತ. ಒಂದು ಲಕ್ಷಣವನ್ನು ಹಿಡಿಯುತ್ತದೆ, ಇನ್ನೊಂದು ಅಂಗವನ್ನು ಹಿಡಿಯುತ್ತದೆ. ನಿಘಂಟಿನಲ್ಲಿ ಒಂದಕ್ಕೆ ಇನ್ನೊಂದನ್ನು ಪರ್ಯಾಯವಾಗಿ ಬರೆದರೆ ಎರಡೂ ಕಡೆಯ ಅರಿವು ಮಸಕಾಗುತ್ತದೆ.

೭. ಈ ವಿವೇಚನೆಯ ಪ್ರಯೋಜನ

ಇದು ಬರಿಯ ಶಬ್ದವಿಚಾರವೆಂದು ಕೆಲವರಿಗೆ ತೋರಬಹುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವರೇ ಎಂಬ ಗಾದೆಯಂತೆ ನಮ್ಮ ಜನ ಮೂಗಿನ ಬೇನೆಯನ್ನು ಲಘುವಾಗಿ ಕಾಣುವವರು. ಬಹುಮಟ್ಟಿಗೆ ಅದು ಸರಿಯೇ. ಆದರೆ 2021ರಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯ ಬೆನ್ನಲ್ಲಿಯೇ ಮ್ಯೂಕರ್ ಜಾತಿಯ ಶಿಲೀಂಧ್ರದ ರೋಗವು, ಪತ್ರಿಕೆಗಳ ಭಾಷೆಯಲ್ಲಿ 'ಕಪ್ಪು ಶಿಲೀಂಧ್ರ'ವು, ದೇಶದಲ್ಲೆಲ್ಲ ಹಬ್ಬಿತು. 1885ರಲ್ಲಿಯೇ ಪಾಲ್ಟೌಫನು ವರ್ಣಿಸಿದ್ದ ಈ ರೋಗವು ಹಿಂದೆ ಅಪರೂಪವಾಗಿದ್ದಿತು. ಸಕ್ಕರೆರೋಗ ಹತೋಟಿಯಲ್ಲಿಲ್ಲದವರಲ್ಲಿ, ಸ್ಟಿರಾಯ್ಡ್ ಔಷಧ ಪಡೆದವರಲ್ಲಿ ಅದು ಮೂಗಿನಿಂದ ಕುಹರಕ್ಕೂ, ಕುಹರದಿಂದ ಕಣ್ಣಿನ ಗೂಡಿಗೂ, ಅಲ್ಲಿಂದ ಮಿದುಳಿಗೂ ಹಾಯಿತು. ಆ ವರ್ಷದ ಜೂನ್ ತಿಂಗಳ ಕೊನೆಯ ವೇಳೆಗೆ ದೇಶದಲ್ಲಿ 40 ಸಾವಿರಕ್ಕೂ ಮಿಕ್ಕ ರೋಗಿಗಳು ಲೆಕ್ಕಕ್ಕೆ ಬಂದಿದ್ದರು. ಕರ್ನಾಟಕ ಸರ್ಕಾರವು ಮೇ ತಿಂಗಳಲ್ಲಿ ಇದನ್ನು ಕಡ್ಡಾಯವಾಗಿ ವರದಿಮಾಡತಕ್ಕ ರೋಗವೆಂದು ಘೋಷಿಸಿತು. ಕಣ್ಣನ್ನು ಕಳೆದುಕೊಂಡವರೂ ಪ್ರಾಣವನ್ನೇ ಕಳೆದುಕೊಂಡವರೂ ಹಲವರು. ಬೆಳೆದ ಪೀನಸವು ಕುರುಡನ್ನು ತರುವುದೆಂಬ ಸುಶ್ರುತನ ಎಚ್ಚರಿಕೆಯಲ್ಲಿ ಈ ಶಿಲೀಂಧ್ರದ ಅರಿವಿಲ್ಲ. ಆದರೆ ಮೂಗಿನಿಂದ ಕಣ್ಣಿಗೆ ಇರುವ ದಾರಿಯ ಅರಿವಿದೆ. ಆ ದಾರಿಯು ಕಾಗದದಷ್ಟು ತೆಳುವಾದ ಎಲುಬಿನ ಗೋಡೆಯೆಂದು ಶಾರೀರಶಾಸ್ತ್ರವು ತೋರಿಸಿಕೊಟ್ಟಿದೆ. ಕಣ್ಣಿನ ಸುತ್ತ ಬಾವು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಕಾಗುವುದು, ಜ್ವರದೊಡನೆ ಸಹಿಸಲಾಗದ ತಲೆನೋವು, ಇವು ಕಂಡಾಗ "ಸೈನಸ್ ಇದೆ" ಎಂಬ ಮಾತಿನಿಂದ ಸಮಾಧಾನಪಟ್ಟು ಕುಳಿತರೆ ಪದವೇ ರೋಗಿಗೆ ಶತ್ರುವಾಗುತ್ತದೆ.

ಉಪಸಂಹಾರ

ಮೇಲಿನ ವಿಚಾರದಿಂದ ತಿಳಿಯಬರುವುದಿಷ್ಟು: ನಮ್ಮ ಆಚಾರ್ಯರು ಹರಿವನ್ನೂ ಬಾಗಿಲನ್ನೂ ಕಂಡರು, ಕೋಣೆಯನ್ನು ಕಾಣಲಿಲ್ಲ; ಯೂರೋಪಿನವರು ಕೋಣೆಯನ್ನು ಕಂಡು ಮುನ್ನೂರು ವರ್ಷಗಳ ಮೇಲೆ ಬಾಗಿಲಿಗೆ ಬಂದರು. ಎರಡನ್ನೂ ಒಟ್ಟಿಗೆ ನೋಡುವ ಅನುಕೂಲವು ಬೆಳಗಾವಿಗೆ ವಿಶೇಷವಾಗಿ ಒದಗಿದೆ. ಶಹಾಪುರದಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯವಿದೆ. 1963ರಿಂದ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವಿದೆ. 2006ರಲ್ಲಿ ಆರಂಭವಾದ ಕೇಂದ್ರವೊಂದು ಇಂದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆಂಬ ಹೆಸರಿನಿಂದ ಅಲ್ಲಿಯೇ ನಡೆಯುತ್ತಿದೆ. ಲಕ್ಷಣವನ್ನು ಹೇಳುವ ಹಳೆಯ ಪದಗಳನ್ನು ಲಕ್ಷಣಕ್ಕೂ, ಅಂಗವನ್ನು ಹೇಳುವ ಹೊಸ ಪದಗಳನ್ನು ಅಂಗಕ್ಕೂ ಉಳಿಸಿಕೊಂಡು, ಪೊಳ್ಳಿಗೆ ಕುಹರವೆಂದೂ ರೋಗಕ್ಕೆ ಕುಹರದ ಉರಿಯೂತವೆಂದೂ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವ ರೂಢಿಯು ಬೆಳೆಯಬೇಕು. ವೈದ್ಯಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರೂ ತರಗತಿಯಲ್ಲಿ ಪಾಠ ಹೇಳುವ ಉಪಾಧ್ಯಾಯರೂ ಈ ಭೇದವನ್ನು ಪಾಲಿಸಿದರೆ ಪ್ರಾಚೀನರ ಮಾತಿಗೆ ಅದರ ನಿಜವಾದ ಬೆಲೆ ಸಲ್ಲುವುದು, ರೋಗಿಗೂ ಸಕಾಲದಲ್ಲಿ ಎಚ್ಚರ ಹುಟ್ಟುವುದು.